ಕಾಲು ಎಲ್ಲಿ ಮಡಚುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಮೊಮ್ಮಗಳನ್ನು ಕರೆದುಕೊಂಡು ಕಲಬುರಗಿಯ ಅಪ್ಪನ ಕೆರೆಗೆ ಹೋಗಿದ್ದೆ. ಅವಳ ಕೈಯಲ್ಲಿ ಚಿತ್ರದ ಪುಸ್ತಕ ಇತ್ತು. ದಂಡೆಯ ಹತ್ತಿರ ಒಂದು ಬೆಳ್ಳಕ್ಕಿ ನಿಂತಿತ್ತು. ಅದನ್ನೇ ಬರೆಯತೊಡಗಿದಳು. ಕೊಕ್ಕು ಬಂತು, ಕತ್ತು ಬಂತು, ಹೊಟ್ಟೆಯೂ ಬಂತು. ಕಾಲಿಗೆ ಬಂದಾಗ ಪೆನ್ಸಿಲ್ ನಿಂತಿತು.

"ಮುತ್ಯಾ, ಇದರ ಮೊಣಕಾಲು ಹಿಂದಕ್ಕ ಯಾಕ ಮಡಚ್ತದ?" ಅಂದಳು.

"ಅದು ಮೊಣಕಾಲು ಅಲ್ಲವ್ವ, ಹಿಮ್ಮಡಿ" ಅಂದೆ. ಅವಳು ನಂಬಲಿಲ್ಲ.

ನಾನು ಬಹಳ ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ್ ಆಗಿದ್ದವನು. ಚಿತ್ರದಲ್ಲಿ ಮುಖ ಬರೆಯುವುದೇ ಕಷ್ಟ ಅಂತಾರೆ. ನನಗೆ ಹಾಗೆ ಅನ್ನಿಸಿಲ್ಲ. ಮುಖ ತುಸು ತಪ್ಪಿದರೆ ಬೇರೆ ಯಾರದೋ ಮುಖ ಆಗುತ್ತದೆ, ಅಷ್ಟೇ. ಕಾಲು ತಪ್ಪಿದರೆ ಪ್ರಾಣಿ ನಿಲ್ಲುವುದೇ ಇಲ್ಲ. ಅದರಲ್ಲೂ ಕಾಲು ಉದ್ದವಾದಷ್ಟೂ ತಪ್ಪು ಎದ್ದು ಕಾಣುತ್ತದೆ. ಇವತ್ತು ಆ ಉದ್ದ ಕಾಲಿನ ಬಗ್ಗೆಯೇ ನಿಮ್ಮ ಜೊತೆ ಮಾತಾಡಬೇಕು ಅಂತ ಬಂದಿದ್ದೇನೆ.

ಮೊಮ್ಮಗಳಿಗೆ ಹೇಗೆ ತಿಳಿಸಿದೆ ಅಂತ ಹೇಳುತ್ತೇನೆ. ಮನೆಯಲ್ಲಿ ಕೂತು ಕೇಳುತ್ತಿರುವವರು ಎದ್ದು ಒಮ್ಮೆ ತುದಿಗಾಲಲ್ಲಿ ನಿಲ್ಲಿ. ಹಿಮ್ಮಡಿ ನೆಲ ಬಿಟ್ಟಿತು, ಅಲ್ವಾ? ಈಗ ಬೆರಳಿಗೂ ಹಿಮ್ಮಡಿಗೂ ನಡುವಿನ ಪಾದವನ್ನು ಯಾರೋ ಎಳೆದು ಉದ್ದ ಮಾಡಿದರು ಅಂದುಕೊಳ್ಳಿ. ಹಿಮ್ಮಡಿ ಮೇಲಕ್ಕೆ ಹೋಯಿತು. ಬೆಳ್ಳಕ್ಕಿಯ ಕಾಲು ಅಂದರೆ ಅದೇ. ಅದು ಬೆರಳ ಮೇಲೆ ನಿಂತಿದೆ. ನಾವು ಮೊಣಕಾಲು ಅಂದುಕೊಂಡಿದ್ದು ಅದರ ಹಿಮ್ಮಡಿಯ ಗೆಣ್ಣು. ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಪಕ್ಕ, ಪುಕ್ಕದೊಳಗೆ ಅಡಗಿದೆ. ಅದು ನಮ್ಮ ಮೊಣಕಾಲಿನ ಹಾಗೇ ಮುಂದಕ್ಕೇ ಮಡಚುತ್ತದೆ. ಮನೆಯಲ್ಲಿ ಆಡು ಇದ್ದವರು ಅದರ ಹಿಂಗಾಲು ನೋಡಿ, ಅಲ್ಲೂ ಇದೇ ಕಥೆ. ಆಡು, ಎತ್ತು, ಕುದುರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಅವು ನಿಲ್ಲುವುದು ಉಗುರಿನ ಮೇಲೆ. ಗೊರಸು ಅಂದರೆ ಉಗುರೇ ತಾನೇ.

ನಮ್ಮ ಬೀದರ್ ಕಡೆಯ ಹುಲ್ಲುಬಯಲಿನಲ್ಲಿ ಚಿಗರಿಗಳಿವೆ. ಪುಸ್ತಕದಲ್ಲಿ ಕೃಷ್ಣಮೃಗ ಅಂತಾರೆ, ನಮಗೆ ಅವು ಚಿಗರಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಪ್ರಾಣಿ. ಅದರ ಕಾಲು ನೋಡಿದರೆ ಕಡ್ಡಿ, ಮುರಿದೇ ಹೋಗುತ್ತೇನೋ ಅನ್ನಿಸುತ್ತದೆ. ಇಷ್ಟು ತೆಳು ಕಾಲಿನಿಂದ ಅಷ್ಟು ವೇಗ ಹೇಗೆ? ಒಂದು ಕೊಡಲಿ ತಗೊಳ್ಳಿ. ಕಾವು ಹಿಡಿದು ಬೀಸಿ. ಆಮೇಲೆ ತಿರುವಿ, ಕಬ್ಬಿಣದ ಕಡೆ ಹಿಡಿದು ಕಾವು ಬೀಸಿ. ಎರಡನೇ ಸಲ ಎಷ್ಟು ಹಗುರ! ಭಾರ ಕೈಯ ಹತ್ತಿರ ಇದ್ದರೆ ಬೀಸುವುದು ಸಲೀಸು. ಚಿಗರಿಯ ಮಾಂಸಖಂಡವೆಲ್ಲ ಮೇಲೆ, ತೊಡೆ ಮತ್ತು ಭುಜದಲ್ಲಿ ಗುಂಪಾಗಿದೆ. ಕೆಳಗೆ ಎಲುಬು, ಅದನ್ನು ಎಳೆದು ಹಿಡಿಯುವ ಹುರಿ, ಮೇಲೊಂದು ತೊಗಲು. ಹಾಗಾಗಿ ಕಾಲು ಚಟ್ಟನೆ ಮುಂದೆ ಬರುತ್ತದೆ. ಉದ್ದ ಇರುವುದರಿಂದ ಹೆಜ್ಜೆಯೂ ಉದ್ದ.

ಇನ್ನು ಓಡದೇ ಸುಮ್ನೆ ನಿಲ್ಲುವ ಉದ್ದ ಕಾಲು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಜನ ಅವನ್ನು ನೋಡಲು ಹೋಗುತ್ತಾರೆ, ಹೋಗಬೇಕಾದ್ದೇ. ನನ್ನ ಕಣ್ಣು ಮಾತ್ರ ಮೆಟ್ಟುಗಾಲು ಹಕ್ಕಿಯ ಮೇಲೆ. ಬಿಳಿ ಮೈ, ಕಪ್ಪು ರೆಕ್ಕೆ, ಸೂಜಿಯಂಥ ಕೊಕ್ಕು, ಗುಲಾಬಿ ಕೆಂಪಿನ ಕಾಲು. ಮೈ ಅಂಗೈಯಲ್ಲಿ ಹಿಡಿಸೀತು, ಕಾಲು ಮಾತ್ರ ಹತ್ತಿರತ್ತಿರ ಗೇಣುದ್ದ. ಮೈಗೆ ಹೋಲಿಸಿದರೆ ಇಷ್ಟು ಉದ್ದ ಕಾಲಿರುವ ಹಕ್ಕಿಗಳು ಜಗತ್ತಿನಲ್ಲೇ ಕಡಿಮೆ. ಬೇರೆ ಸಣ್ಣ ಹಕ್ಕಿಗಳು ದಂಡೆಯಲ್ಲೇ ಕೆಸರು ಕೆದಕುವಾಗ ಇದು ಒಳಗೆ ನಡೆದು ಹೋಗಿ ಯಾರಿಗೂ ಸಿಗದ ಹುಳ ಹೆಕ್ಕುತ್ತದೆ. ಹಾರುವಾಗ ಎರಡೂ ಕಾಲು ಬಾಲದ ಹಿಂದೆ ದಾರದಂತೆ ಚಾಚಿಕೊಂಡಿರುತ್ತವೆ.

ಅದು ಮೊಟ್ಟೆಯ ಮೇಲೆ ಕೂರುವುದನ್ನು ಒಮ್ಮೆ ನೋಡಬೇಕು ನೀವು. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಕೆಸರು ದಿಬ್ಬದ ಮೇಲೆ ಮೊಟ್ಟೆ ಇಡುತ್ತದೆ. ಹತ್ತಿರ ಬಂದು ನಿಂತು, ಕೆಳಗೆ ನೋಡಿ, ನಿಧಾನವಾಗಿ ಆ ಹಿಮ್ಮಡಿಯ ಗೆಣ್ಣನ್ನು ಹಿಂದಕ್ಕೆ ಮಡಚುತ್ತ ಬರುತ್ತದೆ. ಮೈ ಇಳಿಯುತ್ತ ಇಳಿಯುತ್ತ ಮೊಟ್ಟೆಗೆ ತಾಗುತ್ತದೆ. ಮಡಚಿದ ಕಾಲು ಬಾಲದ ಹಿಂದೆ ಚಾಚಿಕೊಂಡಿರುತ್ತದೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಆ ಬಿಸಿಲಿನಲ್ಲಿ ಮೊಟ್ಟೆ ಬೇಯಬಾರದು ಅಂತ ತಾಯಿ ತಂದೆ ಇಬ್ಬರೂ ನೀರಿಗೆ ಹೋಗಿ, ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ಕೂರುತ್ತವೆ. ಅಷ್ಟೆತ್ತರದ ಹೊಟ್ಟೆಯನ್ನು ನೀರಿಗೆ ಮುಟ್ಟಿಸಲೂ ಅದೇ ಗೆಣ್ಣು ಮಡಚಬೇಕು.

ಜಿರಾಫೆಯ ಮಾತು ಬಂದರೆ ಎಲ್ಲರೂ ಕತ್ತಿನ ಬಗ್ಗೆಯೇ ಹೇಳುತ್ತಾರೆ. ಅದರ ಕಾಲೇ ಸುಮಾರು ಆರು ಅಡಿ ಇದೆ. ಅಷ್ಟುದ್ದ ಕತ್ತಿದ್ದರೂ ಬಾಯಿ ನೀರಿಗೆ ಎಟುಕುವುದಿಲ್ಲ, ಮುಂಗಾಲು ಅಗಲಿಸಿಯೇ ಕುಡಿಯಬೇಕು.

ನನಗೆ ಜಿರಾಫೆಗಿಂತ ಒಂದು ಇರುವೆಯ ವಿಷಯ ಜಾಸ್ತಿ ಇಷ್ಟ. ಚಿಕ್ಕವರಿದ್ದಾಗ ಮಳೆಗಾಲದ ಕೆಸರಿನಲ್ಲಿ ನಾವು ಮರಗಾಲು ಕಟ್ಟಿಕೊಂಡು ಓಡಾಡುತ್ತಿದ್ದೆವು. ಎರಡು ಬಿದಿರು, ಅಡ್ಡ ಒಂದೊಂದು ತುಂಡು, ಅದರ ಮೇಲೆ ಕಾಲು. ಓಣಿ ದಿನಕ್ಕಿಂತ ಬೇಗ ಮುಗಿದು ಹೋಗುತ್ತಿತ್ತು. ಸಹಾರಾ ಮರುಭೂಮಿಯಲ್ಲಿ ಉದ್ದ ಕಾಲಿನ ಒಂದು ಜಾತಿಯ ಇರುವೆ ಇದೆ. ಸುಡುವ ಮರಳಿಗೆ ಮೈ ತಾಗದ ಹಾಗೆ, ಕೆಲವು ಮಿಲಿಮೀಟರ್ ಮೇಲೆ, ತುಸು ತಂಪು ಗಾಳಿಯಲ್ಲಿ ಮೈ ಹಿಡಿದು ಓಡುತ್ತದೆ. ಆಹಾರ ಸಿಕ್ಕಿದ ಮೇಲೆ ನೇರ ಗೂಡಿಗೆ ಬರುತ್ತದೆ. ಗುರುತಿಗೆ ಗಿಡ ಇಲ್ಲ, ಕಲ್ಲು ಇಲ್ಲ. ದೂರ ಹೇಗೆ ತಿಳಿಯುತ್ತದೆ? 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿಜ್ಞಾನಿಗಳು ಇರುವೆಗಳನ್ನು ಗೂಡಿನಿಂದ 10 ಮೀಟರ್ ದೂರದ ಆಹಾರದ ತನಕ ನಡೆಯಲು ಬಿಟ್ಟರು. ಅಲ್ಲಿ ಕೆಲವು ಇರುವೆಗಳ ಕಾಲಿಗೆ ಹಂದಿಯ ಬಿರುಗೂದಲು ಅಂಟಿಸಿದರು. ಇರುವೆಗೆ ಮರಗಾಲು! ಅವು ವಾಪಸ್ ಹೊರಟವು, ಗೂಡು ದಾಟಿ ಹತ್ತಿರತ್ತಿರ 5 ಮೀಟರ್ ಮುಂದೆ ಹೋಗಿ ಹುಡುಕತೊಡಗಿದವು. ಕಾಲು ಗಿಡ್ಡ ಮಾಡಿದ ಇರುವೆಗಳು ಗೂಡಿಗೆ ಮೊದಲೇ ನಿಂತುಬಿಟ್ಟವು. ಅಂದರೆ ಅವು ಹೆಜ್ಜೆಯ ಲೆಕ್ಕ ಇಟ್ಟುಕೊಂಡಿದ್ದವು. ಮರಗಾಲಿನ ಇರುವೆಗಳನ್ನು ಗೂಡಿನಿಂದಲೇ ಹೊರಡಿಸಿದಾಗ ಲೆಕ್ಕ ಮತ್ತೆ ಸರಿ ಬಂತು. ಇದನ್ನು ಓದಿದ ದಿನ ನನಗೆ ನಿದ್ದೆ ತಡವಾಗಿ ಬಂತು.

ಈಗ ಚಿತ್ರಕ್ಕೆ ಬರೋಣ. ಓಡುವ ಕುದುರೆಯ ಹಳೆಯ ಚಿತ್ರಗಳಲ್ಲಿ ಎಷ್ಟೋ ಕಡೆ ಮುಂಗಾಲು ಎರಡೂ ಮುಂದಕ್ಕೆ, ಹಿಂಗಾಲು ಎರಡೂ ಹಿಂದಕ್ಕೆ ಚಾಚಿ, ಕುದುರೆ ಗಾಳಿಯಲ್ಲಿ ತೇಲುತ್ತಿರುತ್ತದೆ. ದೊಡ್ಡ ದೊಡ್ಡ ಕಲಾವಿದರೂ ಹಾಗೇ ಬರೆದರು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಫೋಟೋಗ್ರಾಫರ್ ಓಟದ ಹಾದಿಯ ಪಕ್ಕ 12 ಕ್ಯಾಮೆರಾ ಸಾಲಾಗಿ ಇಟ್ಟ. ಹಾದಿಗೆ ಅಡ್ಡ ದಾರ ಕಟ್ಟಿದ. ಕುದುರೆ ಓಡುತ್ತ ದಾರ ಮುಟ್ಟಿದ ಹಾಗೆ ಒಂದೊಂದೇ ಕ್ಯಾಮೆರಾ ಫೋಟೋ ಹಿಡಿಯಿತು. ನೋಡಿದರೆ, ನಾಲ್ಕೂ ಕಾಲು ನೆಲ ಬಿಡುವುದು ನಿಜ. ಆದರೆ ಚಾಚಿದಾಗ ಅಲ್ಲ, ನಾಲ್ಕೂ ಹೊಟ್ಟೆಯ ಕೆಳಗೆ ಮಡಚಿ ಗುಂಪಾದಾಗ. ಅಷ್ಟು ಕಾಲ ಮನುಷ್ಯ ಕುದುರೆ ಹತ್ತಿ ಓಡಾಡಿದ್ದ, ಯುದ್ಧ ಮಾಡಿದ್ದ. ಆದರೂ ಅದರ ಕಾಲು ಎಲ್ಲಿ ಮಡಚುತ್ತದೆ ಅಂತ ಕಣ್ಣಿಗೆ ಹಿಡಿದಿರಲಿಲ್ಲ.

ನಮ್ಮ ಕಾಲು ಫೋಟೋದಲ್ಲಿ ಗಿಡ್ಡ ಕಾಣುವುದಕ್ಕೂ ಕಾರಣ ಇದೆ. ಹಿಂದೆ ನಮ್ಮೂರ ಸ್ಟುಡಿಯೋಗಳಲ್ಲಿ ಎರಡು ಕಣ್ಣಿನ ಯಾಶಿಕಾ ಕ್ಯಾಮೆರಾ ಇರುತ್ತಿತ್ತು, ನೆನಪಿದೆಯಾ? ಅದನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿನಿಂದ ನೋಡುತ್ತಿದ್ದರು. ಲೆನ್ಸು ನಮ್ಮ ನಡುವಿನ ಮಟ್ಟದಲ್ಲಿ ಇರುತ್ತಿತ್ತು. ಹಾಗಾಗಿ ಆ ಕಾಲದ ನಿಂತ ಫೋಟೋಗಳಲ್ಲಿ ಕಾಲು ಕಾಲಿನಷ್ಟೇ ಇದೆ. ಈಗ ಮೊಬೈಲನ್ನು ಕಣ್ಣಿನ ಮಟ್ಟದಲ್ಲಿ, ಹತ್ತಿರದಿಂದ ಹಿಡಿಯುತ್ತೇವೆ. ತಲೆ ಲೆನ್ಸಿಗೆ ಹತ್ತಿರ, ಪಾದ ದೂರ. ದೂರದ್ದು ಚಿಕ್ಕದಾಗುತ್ತದೆ. ಮಗಳ ಸೀರೆಯ ಫೋಟೋ ತೆಗೆಯುವಾಗ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಮೊಣಕಾಲೂರಿ ಕೂತು ತೆಗೆಯಿರಿ. ಮೊಬೈಲನ್ನು ತಲೆಕೆಳಗು ಮಾಡಿದರೆ ಲೆನ್ಸು ಇನ್ನೂ ಕೆಳಗೆ ಬರುತ್ತದೆ, ಕಾಲು ಇನ್ನೂ ಉದ್ದ ಕಾಣುತ್ತದೆ.

ಕಲ್ಲಿನಲ್ಲಿ ಉದ್ದ ಕಾಲು ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಹೋಗಿ. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವನ ಗುಡಿ ಇದೆ. ಹೊರಗೋಡೆಯ ಸುತ್ತ ಮದನಿಕೆಯರು ನಿಂತಿದ್ದಾರೆ. ಅವರಲ್ಲೊಬ್ಬಳು ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಬರೆಯುತ್ತಿದ್ದಾಳೆ. ಕಲ್ಲಿನ ಹೆಣ್ಣು ಕಲ್ಲಿನ ಮೇಲೆ ಅಕ್ಷರ ಬರೆಯುವುದು! ಬೇಲೂರಿನ ಮದನಿಕೆಯರಿಗಿಂತ ಇವರು ಮೊದಲಿನವರು. ಬೇಲೂರಿನವರ ಮೈತುಂಬ ಒಡವೆ, ಮೈಯೂ ತುಂಬಿದ್ದು. ಇವರು ತೆಳ್ಳಗೆ, ಎತ್ತರ, ನೀಳ ಕಾಲಿನವರು.

ಶಿಲ್ಪಶಾಸ್ತ್ರದಲ್ಲಿ ನವತಾಳ ಅಂತ ಒಂದು ಅಳತೆ ಇದೆ. ಇಡೀ ಮೂರ್ತಿಯ ಎತ್ತರವನ್ನು 108 ಸಮ ಪಾಲು ಮಾಡುತ್ತಾರೆ, ಆ ಒಂದು ಪಾಲಿಗೇ ಇಲ್ಲಿ ಅಂಗುಲ ಅಂತ ಹೆಸರು. ಅದರಲ್ಲಿ ಮುಖ 12. ತೊಡೆ 24, ಮೊಣಕಾಲು 4, ಅದರ ಕೆಳಗೆ 24, ಪಾದದ ಎತ್ತರ 4. ಕೂಡಿಸಿ, ಕಾಲಿಗೇ 56 ಬಂತು, ಅರ್ಧಕ್ಕಿಂತ ಜಾಸ್ತಿ. ನಮ್ಮ ನಿಮ್ಮ ಕಾಲು ಸಾಮಾನ್ಯವಾಗಿ ಅರ್ಧಕ್ಕಿಂತ ತುಸು ಕಡಿಮೆಯೇ. ಪುಸ್ತಕದ ಲೆಕ್ಕದಲ್ಲೇ ಶಿಲ್ಪಿ ಕಾಲಿಗೆ ಅಷ್ಟು ಹೆಚ್ಚು ಕೊಟ್ಟಿದ್ದಾನೆ. ಆದರೆ ಜಲಸಂಗಿಯ ಚೆಲುವು ಬರೀ ಉದ್ದದಿಂದ ಬಂದದ್ದಲ್ಲ. ಭಾರ ಒಂದು ಕಾಲಿನ ಮೇಲಿದೆ, ಇನ್ನೊಂದು ಸಡಿಲ. ಆ ಸಡಿಲ ಕಾಲಿನ ಮೊಣಕಾಲು ಎಷ್ಟು ಬೇಕೋ ಅಷ್ಟೇ ಮಡಚಿದೆ. ಅಲ್ಲಿಂದ ನಡು ವಾಲಿದೆ, ನಡುವಿನಿಂದ ಭುಜ. ಆ ಒಂದು ಮಡಿಕೆ ತೆಗೆದುಬಿಟ್ಟರೆ ಉಳಿಯುವುದು ಕಂಬ. ಆ ಶಿಲ್ಪಿ ಹೆಣ್ಣುಮಕ್ಕಳು ಕೊಡ ಇಳಿಸಿ ನಿಂತು ಮಾತಾಡುವುದನ್ನು ನೋಡುತ್ತ ಕೂತಿರಬೇಕು ಅಂತ ನನಗೆ ಅನ್ನಿಸುತ್ತದೆ.

ಹೋದ ತಿಂಗಳು ಮೊಮ್ಮಗಳನ್ನು ಅಲ್ಲಿಗೂ ಕರೆದುಕೊಂಡು ಹೋಗಿದ್ದೆ. ಬೆಳಗಿನ ಬಿಸಿಲು ಗೋಡೆಗೆ ಅಡ್ಡ ಬೀಳುತ್ತಿತ್ತು. ಆ ಹೊತ್ತಿಗೇ ಹೋಗಬೇಕು, ನೆತ್ತಿಯ ಬಿಸಿಲಿನಲ್ಲಿ ಮಡಿಕೆ ಕಾಣುವುದಿಲ್ಲ. ಅವಳು ಶಾಸನ ಬರೆಯುವವಳ ಮುಂದೆ ನೆಲದ ಮೇಲೆ ಕೂತು, ಹಾಳೆಯ ಕೆಳತುದಿಯಲ್ಲಿ ಮೊದಲು ಎರಡು ಪಾದ ಬರೆದಳು. ಆಮೇಲೆ ಪೆನ್ಸಿಲ್ ಹಿಡಿದುಕೊಂಡೇ ಎದ್ದು ನಿಂತಳು. ಒಂದು ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದನ್ನು ಸಡಿಲ ಬಿಟ್ಟು, ತನ್ನ ಮೊಣಕಾಲು ಎಲ್ಲಿಗೆ ಬಂತು ಅಂತ ಬಗ್ಗಿ ನೋಡಿಕೊಂಡಳು.

ನಮಸ್ಕಾರ.