ಅರಸನ ಸ್ವಂತ ಮನೆ ಯಾವುದು? ಸ್ಯಾಂಡ್ರಿಂಗ್‌ಹ್ಯಾಮ್‌ನ ಗಡಿಯಾರಗಳ ಕಥೆ

[ದೃಶ್ಯ: ಮುಂಬಯಿಯ ಅಪೊಲೊ ಬಂದರ್. ಹಿಂದೆ ಗೇಟ್‌ವೇ ಆಫ್ ಇಂಡಿಯಾ.]

ನಮಸ್ಕಾರ. ಬ್ರಿಟನ್ನಿನ ಅರಸರು ಮನಸ್ಸು ಮಾಡಿದರೆ ಬಕಿಂಗ್‌ಹ್ಯಾಮ್ ಅರಮನೆಯನ್ನು ಮಾರಬಹುದೇ ಎಂದು ಡೊಂಬಿವಲಿಯ ವೀಕ್ಷಕರೊಬ್ಬರು ಕೇಳಿದ್ದಾರೆ. ಮಾರುವಂತಿಲ್ಲ. 775 ಕೋಣೆಗಳ ಆ ಅರಮನೆ ರಾಜಪದವಿಗೆ ಸೇರಿದ್ದೇ ಹೊರತು ಪದವಿಯಲ್ಲಿರುವ ವ್ಯಕ್ತಿಗಲ್ಲ. 2017ರಲ್ಲಿ ಆರಂಭವಾದ ಅದರ ಹತ್ತು ವರ್ಷಗಳ ದುರಸ್ತಿಗೆ ಗೊತ್ತುಪಡಿಸಿದ 36.9 ಕೋಟಿ ಪೌಂಡ್ ಕೂಡ ಸರ್ಕಾರದ ಅನುದಾನದ್ದೇ. ರೈಲ್ವೆ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದ ಮುಂಬಯಿ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನೌಕರಿ ಇರುವವರೆಗೆ ಮನೆ, ನಿವೃತ್ತಿಯಾದರೆ ಬೀಗದ ಕೈ ವಾಪಸ್ಸು.

ಅರಸರ ಸ್ವಂತದ್ದೆನ್ನಬಹುದಾದ ದೊಡ್ಡ ಮನೆಗಳು ಎರಡು: ಸ್ಕಾಟ್ಲೆಂಡಿನ ಬಾಲ್ಮೋರಲ್ ಮತ್ತು ನಾರ್ಫೋಕ್‌ನ ಸ್ಯಾಂಡ್ರಿಂಗ್‌ಹ್ಯಾಮ್. ಮೊದಲನೆಯದನ್ನು 1852ರಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಕೊಂಡರು. ಎರಡನೆಯದನ್ನು 1862ರಲ್ಲಿ ಅವರ ಹಿರಿಯ ಮಗನಿಗಾಗಿ, ಅಂದರೆ ಮುಂದೆ ಏಳನೆಯ ಎಡ್ವರ್ಡ್ ಎನಿಸಿಕೊಂಡ ಯುವರಾಜರಿಗಾಗಿ, ಕೊಳ್ಳಲಾಯಿತು.

[ದೃಶ್ಯ: ಗಡಿಯಾರದ ಮುಖ, ಹತ್ತಿರದಿಂದ.]

ಈ ಎಡ್ವರ್ಡರಿಗೆ ಹಕ್ಕಿಗಳ ಬೇಟೆಯೆಂದರೆ ಪ್ರಾಣ. ನಾರ್ಫೋಕ್‌ನ ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕರ ಹೊತ್ತಿಗೆಲ್ಲ ಕತ್ತಲು ಕವಿಯುವುದರಿಂದ, ಬೆಳಗಿನ ಬೆಳಕು ಹಾಳಾಗಬಾರದೆಂದು ಅವರು ಎಸ್ಟೇಟಿನ ಗಡಿಯಾರಗಳನ್ನು ಅರ್ಧ ಗಂಟೆ ಮುಂದಿಡಿಸಿದರು. ಹೊರಗೆ ಒಂಬತ್ತೂವರೆಯಾದಾಗ ಒಳಗೆ ಹತ್ತು. ಹತ್ತಕ್ಕೆಂದು ಗೊತ್ತುಮಾಡಿದ ಬೇಟೆ ನಿಜವಾಗಿ ಒಂಬತ್ತೂವರೆಗೇ ಹೊರಡುತ್ತಿತ್ತು. ಮಗ ಐದನೆಯ ಜಾರ್ಜ್ ಕೂಡ ಈ ಪದ್ಧತಿಯನ್ನು ಉಳಿಸಿಕೊಂಡರು. 1911ರ ಡಿಸೆಂಬರ್ 2ರಂದು ಇದೇ ಬಂದರಿನಲ್ಲಿ ಇಳಿದವರು, ಯಾರ ಆಗಮನದ ನೆನಪಿಗಾಗಿ ನನ್ನ ಹಿಂದಿರುವ ಈ ಕಮಾನು ಎದ್ದಿತೋ ಅವರು, ಈ ಜಾರ್ಜರೇ.

ಅವರು ಬಂದಿಳಿದಾಗ ಈ ಊರಿನ ಗಡಿಯಾರವೂ ದೇಶದ ಗಡಿಯಾರಕ್ಕೆ ಹೊಂದುತ್ತಿರಲಿಲ್ಲ ಎಂಬುದು ನನ್ನನ್ನು ಬಹಳವಾಗಿ ಸೆಳೆದ ಸಂಗತಿ. 1906ರಲ್ಲಿ ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂದರೂ, ಅದಕ್ಕಿಂತ 39 ನಿಮಿಷ ಹಿಂದಿದ್ದ ‘ಬಾಂಬೆ ಟೈಮ್’ ಇಲ್ಲಿ 1955ರವರೆಗೂ ಬಳಕೆಯಲ್ಲಿತ್ತು. ಅಲ್ಲಿ ಒಬ್ಬ ಒಡೆಯರು ತಮ್ಮ ಬೇಟೆಗಾಗಿ ಮುಳ್ಳುಗಳನ್ನು ಮುಂದೆ ತಳ್ಳಿದರು. ಇಲ್ಲಿ ಒಂದು ಊರು, ಮೇಲಿನವರು ಹೇರಿದ ಸಮಯವನ್ನು ಒಪ್ಪದೆ ತನ್ನ ನೆತ್ತಿಯ ಮೇಲಿನ ಸೂರ್ಯನನ್ನೇ ನೆಚ್ಚಿಕೊಂಡಿತು. ಇವೆರಡರಲ್ಲಿ ಮುಂಬಯಿಯ ಹಠವೇ ನನಗೆ ಹೆಚ್ಚು ಗೌರವಕ್ಕೆ ಅರ್ಹವೆನಿಸುತ್ತದೆ.

ಜಾರ್ಜರು 1936ರ ಜನವರಿ 20ರ ರಾತ್ರಿ ಸ್ಯಾಂಡ್ರಿಂಗ್‌ಹ್ಯಾಮ್‌ನಲ್ಲೇ ತೀರಿಕೊಂಡರು. ಪಟ್ಟಕ್ಕೆ ಬಂದ ಎಂಟನೆಯ ಎಡ್ವರ್ಡ್ ಗಡಿಯಾರಗಳನ್ನು ಸರಿಯಾದ ಸಮಯಕ್ಕೆ ತಿರುಗಿಸಿದರು, ಅದೇ ವರ್ಷದ ಡಿಸೆಂಬರಿನಲ್ಲಿ ಸಿಂಹಾಸನವನ್ನೂ ಬಿಟ್ಟರು. ನಮ್ಮ ವೀಕ್ಷಕರ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಇಲ್ಲಿ. ಬಕಿಂಗ್‌ಹ್ಯಾಮ್ ಮತ್ತು ವಿಂಡ್ಸರ್ ಪಟ್ಟದ ಜೊತೆಗೇ ತಮ್ಮನ ಪಾಲಾದವು. ಸ್ಯಾಂಡ್ರಿಂಗ್‌ಹ್ಯಾಮ್ ಮತ್ತು ಬಾಲ್ಮೋರಲ್ ಮಾತ್ರ ತಂದೆಯಿಂದ ಬಂದ ಖಾಸಗಿ ಆಸ್ತಿಯಾಗಿ, ಪಟ್ಟ ಬಿಟ್ಟ ಅಣ್ಣನ ಹೆಸರಿನಲ್ಲೇ ಉಳಿದವು. ಹೊಸ ಅರಸರಾದ ಆರನೆಯ ಜಾರ್ಜ್ ಅವನ್ನು ಅಣ್ಣನಿಗೆ ಹಣ ತೆತ್ತು ಕೊಳ್ಳಬೇಕಾಯಿತು.

ಸಮಯ ಮೀರುತ್ತಿರುವುದರಿಂದ ಉಳಿದ ಎರಡು ಸಂಗತಿಗಳನ್ನು ಒಟ್ಟಿಗೇ ಹೇಳಿಬಿಡುತ್ತೇನೆ. 1993ರ ಒಪ್ಪಂದದಂತೆ ಒಬ್ಬ ಅರಸರಿಂದ ಮುಂದಿನ ಅರಸರಿಗೆ ಹೋಗುವ ಆಸ್ತಿಗೆ ಉತ್ತರಾಧಿಕಾರ ತೆರಿಗೆ ಇಲ್ಲ. 2022ರ ಸೆಪ್ಟೆಂಬರ್ 8ರಂದು ಎರಡನೆಯ ಎಲಿಜಬೆತ್ ಬಾಲ್ಮೋರಲ್‌ನಲ್ಲಿ ನಿಧನರಾದಾಗ ಮೂರನೆಯ ಚಾರ್ಲ್ಸರಿಗೆ ಅನ್ವಯವಾದದ್ದೂ ಇದೇ ವಿನಾಯಿತಿ. ಮನೆಯ ಹಕ್ಕು ಸಾಮಾನ್ಯ ಪ್ರಜೆಯದಾದರೆ ತೆರಿಗೆಯೂ ಹಾಗೆಯೇ ಇರಬೇಕಿತ್ತೆಂದು ನನ್ನ ಅಭಿಪ್ರಾಯ. ಇನ್ನು, ಬಾಲ್ಮೋರಲ್‌ನ ಒಳಕೋಣೆಗಳಲ್ಲಿ ಕೆಲವನ್ನು 2024ರ ಬೇಸಿಗೆಯಲ್ಲಿ ಮೊದಲ ಬಾರಿಗೆ, ಟಿಕೆಟ್ ಪಡೆದವರಿಗೆ ತೋರಿಸಲಾಯಿತು. ಅಲ್ಲಿಗೆ ಹೋಗುವ ಯೋಚನೆಯುಳ್ಳವರು, ಬೇಸಿಗೆಯ ಕೊನೆಯಲ್ಲಿ ಅರಸರು ವಾಸಕ್ಕೆ ಬರುವ ಮುನ್ನವೇ ಹೋಗಬೇಕು.