ಸ್ಮೂದಿಗೆ ಐಸ್ ಹಾಕಬೇಡಿ, ಅಷ್ಟೇ

ಎಲ್ಲರಿಗೂ ಶರಣು. ಕಲಬುರಗಿಯಿಂದ ನಿಮ್ಮ ಅಕ್ಕ ಮತ್ತೆ ಬಂದಿದ್ದೇನೆ. ಇವತ್ತು ಅಡುಗೆ ಇಲ್ಲ. ಇವತ್ತು ಜಗಳ.

ಹೋದ ವಾರ ಬಾಳೆಹಣ್ಣು, ಮೊಸರು ಹಾಕಿ ಸ್ಮೂದಿ ಮಾಡಿ ತೋರಿಸಿದ್ದೆ ಅಲ್ವಾ? ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಅಕ್ಕಾ, ಐಸ್ ಇಲ್ಲದ ಸ್ಮೂದಿ ಅಂದ್ರ ಬೆಲ್ಲ ಇಲ್ಲದ ಹೋಳಿಗಿ ಇದ್ದಂಗ." ಬರೆದದ್ದು ಹೋಗಲಿ, ಅದಕ್ಕೆ ಬಿದ್ದ ಲೈಕ್ ನನ್ನ ವಿಡಿಯೋಗೆ ಬಿದ್ದದ್ದಕ್ಕಿಂತ ಜಾಸ್ತಿ. ಹೊಟ್ಟೆ ಉರಿಯುತ್ತೋ ಇಲ್ವೋ?

ತಮ್ಮಾ, ಬೆಲ್ಲಕ್ಕೆ ರುಚಿ ಇದೆ. ಐಸಿಗೆ ಏನು ರುಚಿ ಇದೆ ಹೇಳು? ನಳದ ನೀರಿನ ರುಚಿ. ಬೋರ್ ನೀರಾದರೆ ಸವಳು ಬೇರೆ. ಒಳ್ಳೆ ಮೊಸರು, ಒಳ್ಳೆ ಹಣ್ಣು ತಂದು, ಅದರ ಮೇಲೆ ಒಂದು ಲೋಟ ನೀರು ಸುರಿಯುತ್ತೀಯಾ? ಇಲ್ಲ ತಾನೇ? ಐಸ್ ಹಾಕಿದರೆ ಆಗುವುದು ಅದೇ. ಸ್ವಲ್ಪ ತಡವಾಗಿ ಆಗುತ್ತೆ, ಅಷ್ಟೇ.

ನಮ್ಮೂರಲ್ಲಿ ಅದು ತಡವಾಗಿಯೂ ಆಗಲ್ಲ. ಮೇ ತಿಂಗಳಲ್ಲಿ 42, 43 ಡಿಗ್ರಿ. ಜಾರಿನಿಂದ ಲೋಟಕ್ಕೆ ಬಗ್ಗಿಸಿ, ಮೊಬೈಲ್‌ನಲ್ಲಿ ಒಂದು ಫೋಟೋ ಹೊಡೆಯುವಷ್ಟರಲ್ಲಿ ಕೆಳಗೆ ನೀರು, ಮೇಲೆ ನೊರೆ. ಅದನ್ನು ಸ್ಮೂದಿ ಅನ್ನಬೇಡಿ. ಅದು ಮಜ್ಜಿಗೆ. ಮಜ್ಜಿಗೆ ಬೇಕಾದರೆ ಮಜ್ಜಿಗೆಯನ್ನೇ ಕುಡಿಯಿರಿ. ಶುಂಠಿ, ಕರಿಬೇವು, ಉಪ್ಪು ಹಾಕಿ ಮರ್ಯಾದೆಯಿಂದ ಕುಡಿಯಿರಿ.

ಸ್ವಲ್ಪ ಲೆಕ್ಕ ಹೇಳ್ತೀನಿ ಕೇಳಿ. ಬಾಳೆಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ 75 ಭಾಗ ನೀರೇ. ಮೊಸರಿನಲ್ಲಿ ಇನ್ನೂ ಜಾಸ್ತಿ, 85ರ ಮೇಲೆ. ಇಷ್ಟು ನೀರು ಒಳಗೇ ಇರುವಾಗ ಮೇಲಿಂದ ಮತ್ತೆ ನೀರು ಯಾಕೆ? ತಣ್ಣಗಾಗಲಿ ಅಂತ, ಅಲ್ವಾ? ಹಾಗಾದರೆ ಹಣ್ಣನ್ನೇ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ. ಐಸ್ ಮಾಡುವ ಕೆಲಸ ಹಣ್ಣು ಮಾಡುತ್ತೆ. ಕರಗಿದರೂ ಹಣ್ಣೇ ಆಗುತ್ತೆ. ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ?

ಹೇಗೆ ಗಟ್ಟಿ ಮಾಡೋದು ಅಂತ ಸರಿಯಾಗಿ ನೋಡಿಕೊಳ್ಳಿ. ಸಿಪ್ಪೆ ಮೇಲೆ ಕಂದು ಚುಕ್ಕೆ ಬಂದ ಬಾಳೆಹಣ್ಣು ಬೇಕು. ಮನೆಯಲ್ಲಿ ಮಕ್ಕಳು ಮುಟ್ಟುವುದಿಲ್ಲ, ಬಂಡಿಯವನು ಕಡಿಮೆಗೆ ಕೊಡುತ್ತಾನೆ, ಅದೇ. ಅಷ್ಟೊತ್ತಿಗೆ ಹಣ್ಣಿನ ಹಿಟ್ಟು ಬಹುಪಾಲು ಸಕ್ಕರೆಯಾಗಿರುತ್ತೆ, ಮೇಲೆ ಬೇರೆ ಸಕ್ಕರೆ ಬೇಡ. ಸಿಪ್ಪೆ ಸುಲಿದು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ. ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ ಫ್ರೀಜರ್‌ಗೆ ಇಡಿ. ತಾಗಿದರೆ ಎಲ್ಲ ಸೇರಿ ಒಂದೇ ಗಟ್ಟಿ ಗಡ್ಡೆ ಆಗುತ್ತೆ, ಆಮೇಲೆ ಒಡೆಯಲು ಲಟ್ಟಣಿಗೆ ಹಿಡಿಯಬೇಕು. ನಾಲ್ಕೈದು ತಾಸು ಬಿಟ್ಟರೆ ಬಿಲ್ಲೆಗಳ ಮೇಲೆ ಬಿಳಿ ಮಂಜು ಕೂತಿರುತ್ತೆ, ತಟ್ಟೆ ಬಡಿದರೆ ಟಣ್ ಅಂತ ಬಿಟ್ಟು ಬರುತ್ತೆ. ಡಬ್ಬಿಗೆ ತುಂಬಿಡಿ. ಮುಗಿಯಿತು.

ಮೊಸರು ಮನೆಯದೇ ಸಾಕು. ಬಣ್ಣದ ಕಪ್ಪಿನಲ್ಲಿ ಬರುವ ಹಣ್ಣಿನ ಯೋಗರ್ಟ್ ತರಬೇಡಿ, ಹಿಂದೆ ಬರೆದಿರುವುದನ್ನು ಓದಿ, ಸಕ್ಕರೆ ಎಷ್ಟಿದೆ ಕಾಣುತ್ತೆ. ಬೇಸಿಗೆಯಲ್ಲಿ ನಮ್ಮ ಕಡೆ ಹೆಪ್ಪು ಹಾಕಿ ಮಲಗಿದರೆ ಬೆಳಗ್ಗೆ ಏಳುವಷ್ಟರಲ್ಲಿ ಹುಳಿ ಬಂದಿರುತ್ತೆ. ಅದಕ್ಕೇ ಹೆಪ್ಪು ಕಡಿಮೆ ಹಾಕಿ, ಗಟ್ಟಿಯಾದ ತಕ್ಷಣ ಫ್ರಿಜ್‌ಗೆ ಇಟ್ಟುಬಿಡಿ. ಮೊಸರು ನೀರಾಗಿದ್ದರೆ ತೆಳು ಬಟ್ಟೆಯಲ್ಲಿ ಕಟ್ಟಿ ಸಿಂಕಿನ ನಳಕ್ಕೆ ನೇತುಹಾಕಿ. ಒಂದು ತಾಸು ಸಾಕು. ಕೆಳಗೆ ಇಳಿದ ನೀರನ್ನು ಚಪಾತಿ ಹಿಟ್ಟಿಗೆ ಹಾಕಿ ನಾದಿ, ಚೆಲ್ಲಬೇಡಿ. ಮೊಸರಿನಿಂದ ನೀರು ತೆಗೆಯಲು ನಾವು ಇಷ್ಟು ಒದ್ದಾಡುತ್ತಿದ್ದರೆ, ಇವರು ಮೇಲಿಂದ ಐಸ್ ಹಾಕುತ್ತಾರಂತೆ!

ಸರಿ, ಉಸಿರು ತಗೊಳ್ತೀನಿ. ಇದೇ ಹೊತ್ತಲ್ಲಿ ಹೇಳಿಬಿಡ್ತೀನಿ, ಮನೆಯಲ್ಲಿ ಕುಟ್ಟಿದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮತ್ತೆ ಸಿಗುತ್ತಿದೆ, ಲಿಂಕ್ ಕೆಳಗಿದೆ. ಅಗಸಿ ಹಿಂಡಿ ಖಾಲಿ, ಅಗಸಿ ಕೇಳಬೇಡಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡದೆ ಸುಮ್ನೆ ನೋಡಿ ಹೋಗುವವರು ನನಗೆ ಗೊತ್ತಾಗುತ್ತಾರೆ. ಗಂಟೆ ಒತ್ತಿ.

ಈಗ ಬುದ್ಧಿವಂತರ ಪ್ರಶ್ನೆಗಳು. "ಅಕ್ಕಾ, ಗಟ್ಟಿ ಹಣ್ಣು ಹಾಕಿದರೆ ಮಿಕ್ಸಿ ಹಾಳಾಗಲ್ವಾ?" ನಿಮ್ಮ ಮಿಕ್ಸಿಗೆ ಐಸ್ ಏನು ಹತ್ತಿಯಾ? ಅದು ಬಾಳೆಹಣ್ಣಿಗಿಂತ ಗಟ್ಟಿ ಅಲ್ವಾ? ಭಾರತದ ಮಿಕ್ಸಿ ಹುಟ್ಟಿದ್ದೇ ಗಟ್ಟಿ ಕೆಲಸಕ್ಕೆ. ವಿದೇಶಿ ಬ್ಲೆಂಡರ್‌ಗಳು ನಮ್ಮ ಮಸಾಲೆ, ನೆನೆಸಿದ ಬೇಳೆ ರುಬ್ಬಲಾರದೆ ಸುಟ್ಟುಹೋಗುತ್ತಿದ್ದವು, 1960ರ ದಶಕದಲ್ಲಿ ಸುಮೀತ್ ಮಿಕ್ಸಿ ಬಂದದ್ದು ಅದಕ್ಕೇ. ತೊಗರಿ ನಾಡಿನವರು ನಾವು, ಅರಿಶಿಣದ ಕೊಂಬು ಹಾಕಿದರೂ ಹೆದರದವರು, ಬಾಳೆಹಣ್ಣಿಗೆ ಹೆದರುತ್ತೀರಾ? ಮೊದಲು ಮೊಸರು ಹಾಕಿ, ಅದರ ಮೇಲೆ ಹಣ್ಣು. ಬ್ಲೇಡ್ ಸುತ್ತ ತೇವ ಇರಬೇಕು. ತಡೆದು ತಡೆದು ತಿರುಗಿಸಿ. ಮೊದಲು ಕಟಕಟ ಅನ್ನುತ್ತೆ, ಆಮೇಲೆ ಸದ್ದು ಮೆತ್ತಗಾಗಿ ಗುರ್ ಅನ್ನುತ್ತೆ. ಗುರ್ ಅಂದಾಗ ನಿಲ್ಲಿಸಿ. ಚಮಚ ನಿಲ್ಲಿಸಿದರೆ ನಿಲ್ಲಬೇಕು, ಹಾಗಿರಬೇಕು.

"ಬಾಳೆಹಣ್ಣು, ಮೊಸರು ವಿರುದ್ಧಾಹಾರ ಅಂತ ಆಯುರ್ವೇದದಲ್ಲಿ ಇದೆ." ಇದೆ, ಗೊತ್ತು. ಪಂಚಾಮೃತಕ್ಕೆ ಮೊಸರೂ ಹಾಕಿ ಬಾಳೆಹಣ್ಣೂ ಕಿವುಚಿ, ಪೂಜೆ ಆದ ಮೇಲೆ ಎರಡನೇ ಸಲ ಕೈ ಚಾಚುವಾಗ ಇದು ನೆನಪಾಗಲಿಲ್ಲ ಅಲ್ವಾ? ಬೇಡದವರು ಮಾವು ಹಾಕಿ, ಚಿಕ್ಕು ಹಾಕಿ, ಸೀತಾಫಲ ಹಾಕಿ. ನನ್ನ ಜಗಳ ಬಾಳೆಹಣ್ಣಿನ ಪರವಾಗಿ ಅಲ್ಲ, ಐಸಿನ ಮೇಲೆ.

ಇನ್ನೊಬ್ಬರು ಕ್ಯಾಲಿಫೋರ್ನಿಯಾಕ್ಕೇ ಹೋಗಿದ್ದಾರೆ. ಅಲ್ಲಿನ ಡೇವಿಸ್ ವಿಶ್ವವಿದ್ಯಾಲಯದವರು 2023ರಲ್ಲಿ ಕಂಡುಕೊಂಡರಂತೆ: ಸ್ಮೂದಿಗೆ ಬಾಳೆಹಣ್ಣು ಸೇರಿಸಿದರೆ ಫ್ಲೇವನಾಲ್ ಅನ್ನುವ ಅಂಶ ಮೈಗೆ ಹತ್ತುವುದು ತುಂಬಾ ಕಡಿಮೆಯಾಗುತ್ತೆ. ನಿಜ, ಬಾಳೆಹಣ್ಣು ಕಪ್ಪಾಗಿಸುವ ಕಿಣ್ವದ ಕೆಲಸ ಅದು. ಆದರೆ ಫ್ಲೇವನಾಲ್ ಬೇಕು ಅಂತ ಬೆರ್ರಿ, ಕೋಕೋ ಹಾಕುವವರ ಚಿಂತೆ ಅದು. ನಮ್ಮೂರ ಸೂಪರ್ ಮಾರ್ಕೆಟ್ ಅನ್ನುವ ಬಜಾರಿನ ಬಂಡಿಯಲ್ಲಿ ನನಗೆ ಬೆರ್ರಿ ಯಾರು ಇಟ್ಟಿದ್ದಾರೆ? ಪಪ್ಪಾಯಿ ಹಾಕುವವರು ಮಾತ್ರ ಒಂದು ನೆನಪಿಡಿ, ಮಾಡಿದ ಕೂಡಲೇ ಕುಡಿಯಿರಿ. ಪಪ್ಪಾಯಿಯ ಕಿಣ್ವ ಮೊಸರಿನ ಪ್ರೋಟೀನ್ ಒಡೆಯುತ್ತೆ, ಇಟ್ಟರೆ ಕಹಿ. ಅನಾನಸ್‌ದೂ ಅದೇ ಕತೆ. ಇಷ್ಟು ಓದಿಕೊಂಡು ಬಂದು ಪ್ರಶ್ನೆ ಕೇಳಿದವರೂ ಕೊನೆಗೆ ಬರೆದದ್ದು ಏನು ಗೊತ್ತಾ? "ಐಸ್ ಎರಡು ಹಾಕಿದರೆ ಚೆನ್ನಾಗಿರುತ್ತೆ." ದೇವರೇ.

"ಕರೆಂಟ್ ಹೋದರೆ ಹಣ್ಣು ಕರಗುತ್ತೆ ಅಕ್ಕಾ." ಐಸ್ ಕರಗಲ್ವಾ? ಕರೆಂಟ್ ಹೋದಾಗ ಐಸ್ ಮಾತ್ರ ನಿಮ್ಮ ಮನೆಯಲ್ಲಿ ಗಟ್ಟಿಯಾಗಿ ಕೂತಿರುತ್ತಾ?

"ಅಂಗಡಿಯಿಂದ ಐಸ್ ತರ್ತೀವಿ." ತನ್ನಿ, ತನ್ನಿ. ತಿನ್ನಲು ಬಾರದ ಐಸಿಗೆ ನೀಲಿ ಬಣ್ಣ ಹಾಕಬೇಕು ಅಂತ 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದವರೇ ಹೇಳಿದ್ದಾರೆ. ಯಾಕೆ ಹೇಳಿದರು ಅಂತ ಒಂದು ನಿಮಿಷ ಕೂತು ಯೋಚಿಸಿ. ಮೀನು ಮುಚ್ಚುವ ಐಸ್ ಯಾವುದು, ಲೋಟಕ್ಕೆ ಬೀಳುವ ಐಸ್ ಯಾವುದು ಅಂತ ಕಣ್ಣಿಗೆ ತಿಳಿಯಲ್ಲ, ಅದಕ್ಕೇ. ಅದನ್ನು ಮಕ್ಕಳ ಲೋಟಕ್ಕೆ ಹಾಕುತ್ತೀರಾ?

"ಮಕ್ಕಳಿಗೆ ಐಸ್ ಕಟಕಟ ಕಡಿಯಲು ಇಷ್ಟ." ಇದಕ್ಕೆ ನಾನು ಉತ್ತರ ಕೊಡಲ್ಲ.

"ಐಸ್ ಟ್ರೇ ಏನು ಮಾಡೋದು?" ಮಾವಿನ ರಸ ತುಂಬಿ ಗಟ್ಟಿ ಮಾಡಿ! ಮೊಸರು ತುಂಬಿ! ಟ್ರೇ ಯಾರು ಬೇಡ ಅಂದರು? ನೀರು ಬೇಡ ಅಂದೆ. ಕಲ್ಲಂಗಡಿ ಕೂಡ ಬೇಡ ನೋಡಿ, ಅದು 90 ಭಾಗಕ್ಕಿಂತ ಜಾಸ್ತಿ ನೀರು, ಗಟ್ಟಿಯಾದರೆ ಅದೂ ಐಸೇ. ಕೆಂಪು ಐಸ್.

ಆಮೇಲೆ, ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ. ಹೆಸರು ಹೇಳಲ್ಲ, ಸಂಜೆ ಅವರ ಜೊತೆ ಊಟ ಮಾಡಬೇಕು. ನಾನು ಇಷ್ಟೆಲ್ಲ ಹೇಳುವಾಗ ಕ್ಯಾಮೆರಾ ಹಿಂದೆ ನಿಂತು ತಲೆ ಆಡಿಸುತ್ತಾರೆ. ವಿಡಿಯೋ ಮುಗಿದ ಮೇಲೆ ಫ್ರಿಜ್ ಬಾಗಿಲು ತೆಗೆದ ಸದ್ದು, ಆಮೇಲೆ ಲೋಟದಲ್ಲಿ ಡಬ್ ಅಂತ ಸದ್ದು. ರೀ, ಕೇಳಿಸಿತು ನನಗೆ. ಏನು ನಗ್ತೀರಿ? ಇದನ್ನು ಎಡಿಟ್ ಮಾಡಿ ತೆಗೆಯಬೇಡಿ, ಇರಲಿ, ಜನ ನೋಡಲಿ.

ಐಸ್ ಹಾಕಬೇಡಿ. ಕಾರಣ ಮುಗಿದವು, ಇದ್ದದ್ದನ್ನೆಲ್ಲ ಹೇಳಿದ್ದೇನೆ, ಇನ್ನು ಬೇಡ ಅಂದರೆ ಬೇಡ. ಒಂದೇ ಒಂದು ಚೂರೂ ಬೇಡ. ಅಲಂಕಾರಕ್ಕೂ ಬೇಡ. ಕೆಳಗೆ ಕಮೆಂಟ್‌ನಲ್ಲಿ "ಐಸ್" ಅಂತ ಬರೆದವರಿಗೆ ಹಿಂಡಿಯ ಮೇಲೆ ಡಿಸ್ಕೌಂಟ್ ಇಲ್ಲ. ಉಳಿದವರಿಗೂ ಇಲ್ಲ, ಶೇಂಗಾ ದುಬಾರಿಯಾಗಿದೆ. ಮುಂದಿನ ವಾರ ಜೋಳದ ಅಂಬಲಿ ಮಾಡೋಣ. ಅದಕ್ಕೂ ಐಸ್ ಬೇಕಾ ಅಂತ ಯಾರಾದರೂ ಕೇಳಿ ನೋಡೋಣ.