ಹರಾಜಿಲ್ಲದ ಆಟ, ಕಿಲ್ಕೂ ಎಂಬ ಹಳ್ಳಿ

ನಮಸ್ಕಾರ. ಇವತ್ತು ಕಿಲ್ಕೂ ಬಗ್ಗೆ ಮಾತಾಡೋಣ. ಉತ್ತರ ಐರ್ಲೆಂಡ್‌ನ ಡೌನ್ ಕೌಂಟಿಯಲ್ಲಿ, ಮೋರ್ನ್ ಬೆಟ್ಟಗಳ ಬುಡದಲ್ಲಿರುವ ಸಣ್ಣ ಹಳ್ಳಿ. ಒಂದು ಚರ್ಚು, ಅದಕ್ಕೆ ಸೇರಿದ ಮನೆಗಳು, ಐರ್ಲೆಂಡ್‌ನದೇ ಆದ, ಚೆಂಡನ್ನು ಕೈಯಲ್ಲೂ ಕಾಲಲ್ಲೂ ಆಡುವ ಗೇಲಿಕ್ ಫುಟ್‌ಬಾಲ್‌ನ ಒಂದು ಕ್ಲಬ್. ಬಿಳಿ ಕಪ್ಪು ಜೆರ್ಸಿ.

ಈ ಆಟದಲ್ಲಿ ಸಂಬಳ ಇಲ್ಲ, ಹರಾಜೂ ಇಲ್ಲ. ಸಾಮಾನ್ಯವಾಗಿ ನೀನು ಯಾವ ಊರವನೋ ಆ ಊರಿಗೇ ಆಡಬೇಕು. ಐಪಿಎಲ್ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು. ಪಕ್ಕದೂರಿನ ಒಳ್ಳೆ ಆಟಗಾರನನ್ನು ಸುಮ್ನೆ ಕರೆದುಕೊಂಡು ಬರೋಕಾಗಲ್ಲ. ಅದಕ್ಕೇ ಕಿಲ್ಕೂ ತಂಡದ ಪಟ್ಟಿ ನೋಡಿದರೆ ಬ್ರಾನಗನ್, ಜಾನ್‌ಸ್ಟನ್ ಅಂತ ಅದೇ ಮನೆತನದ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ.

ಈ ನಿಯಮ ಆಟಗಾರನಿಗೆ ಅನ್ಯಾಯ ಅನ್ನುವವರಿದ್ದಾರೆ. ಸ್ವಲ್ಪ ನಿಜಾನೇ. ತಂಡ ಸೋಲುತ್ತಲೇ ಇದ್ದರೂ ಪ್ರತಿಭೆ ಇರುವ ಹುಡುಗ ಅಲ್ಲೇ ಇರಬೇಕು. 1937ರಲ್ಲಿ ಡೌನ್ ಚಾಂಪಿಯನ್ ಆದ ಕಿಲ್ಕೂ ಮತ್ತೆ ಆ ಕಪ್ ಎತ್ತಿದ್ದು 2009ರಲ್ಲಿ. ನಡುವೆ 72 ವರ್ಷ! ಗೆಲುವನ್ನೇ ಕಾಣದೆ ಎಷ್ಟು ಜನ ಆಡಿ ನಿವೃತ್ತರಾದರೋ. ಆದರೂ ನಾನು ನಿಯಮದ ಪರ. ಬಿಟ್ಟು ಹೋಗುವ ದಾರಿ ಸಲೀಸಾಗಿದ್ದರೆ ಆ 72 ವರ್ಷದಲ್ಲಿ ಕ್ಲಬ್ಬೇ ಮುಚ್ಚಿ ಹೋಗ್ತಿತ್ತು ಅಲ್ವಾ?

ಒಮ್ಮೆ ಗೆಲುವು ಶುರುವಾದ ಮೇಲೆ ಮಾತ್ರ ಹಿಡಿಯೋರಿಲ್ಲ. 2012ರಿಂದ 2017ರವರೆಗೆ ಸತತ ಆರು ಕೌಂಟಿ ಕಪ್. 2020ರ ಜನವರಿಯಲ್ಲಿ ಅಖಿಲ ಐರ್ಲೆಂಡ್ ಫೈನಲ್. ಎದುರಾಳಿ ಗಾಲ್ವೇ ಕೌಂಟಿಯ ಕೊರೊಫಿನ್, ಅದೂ ಹಳ್ಳಿ ಕ್ಲಬ್ಬೇ. ಅರವತ್ತು ನಿಮಿಷಕ್ಕೆ ಇಬ್ಬರದೂ ಏಳೇಳು ಪಾಯಿಂಟ್. ಹೆಚ್ಚುವರಿ ಸಮಯದಲ್ಲಿ ಕಿಲ್ಕೂಗೆ ಒಂದೇ ಒಂದು ಪಾಯಿಂಟೂ ಬರಲಿಲ್ಲ. ಕೊರೊಫಿನ್‌ಗೆ ಸತತ ಮೂರನೇ ಕಪ್.

ಆಗ ಕಿಲ್ಕೂ ಕೋಚ್ ಮಿಕ್ಕಿ ಮೊರಾನ್. ತಮಾಷೆ ನೋಡಿ, ಆಟಗಾರರೆಲ್ಲ ಊರವರು, ಕೋಚ್ ಮಾತ್ರ ಬೇರೆ ಕೌಂಟಿಯವರು, ಡೆರಿಯವರು! ಪಾಪ, 2006ರಲ್ಲಿ ಮೇಯೋ ಕೌಂಟಿ ತಂಡದ ಕೋಚ್ ಆಗಿ, 2015 ಮತ್ತು 2017ರಲ್ಲಿ ಸ್ಲಾಟ್‌ನೀಲ್ ಕ್ಲಬ್‌ನ ಕೋಚ್ ಆಗಿ ಫೈನಲ್ ಸೋತಿದ್ದ ಮನುಷ್ಯ. ಇದು ನಾಲ್ಕನೆಯದು.

2022ರ ಫೆಬ್ರವರಿಯಲ್ಲಿ ಮತ್ತೆ ಫೈನಲ್, ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ. ಈ ಸಲ ಎದುರಿಗೆ ಡಬ್ಲಿನ್‌ನದೇ ಕಿಲ್ಮಕಡ್ ಕ್ರೋಕ್ಸ್, ದೇಶದ ಅತಿ ದೊಡ್ಡ ಕ್ಲಬ್‌ಗಳಲ್ಲಿ ಒಂದು. ಮತ್ತೆ ಹೆಚ್ಚುವರಿ ಸಮಯ. ಕೊನೆ ಗಳಿಗೆಯಲ್ಲಿ ಹಿಂದೆ ಬಿದ್ದಿದ್ದ ಕಿಲ್ಕೂಗೆ ಜೆರೋಮ್ ಜಾನ್‌ಸ್ಟನ್ ಗೋಲ್ ಹೊಡೆದ. ಆಗಿನ ನಿಯಮದಲ್ಲಿ ಚೆಂಡು ಅಡ್ಡಪಟ್ಟಿಯ ಮೇಲೆ ಹೋದರೆ ಒಂದು ಪಾಯಿಂಟ್, ಬಲೆಗೆ ಬಿದ್ದರೆ ಮೂರು. ಎರಡು ಗೋಲ್, ಎಂಟು ಪಾಯಿಂಟ್, ಒಟ್ಟು 14. ಕ್ರೋಕ್ಸ್‌ಗೆ 13.

ಈಗ ಅಲ್ಲಿನ ಹಳ್ಳಿಗಳಲ್ಲೂ ಮಕ್ಕಳು ಕಡಿಮೆ. ಹದಿನೈದು ಹುಡುಗರು ಸಿಗದೆ ಅಕ್ಕಪಕ್ಕದ ಕ್ಲಬ್‌ಗಳು ಕಿರಿಯರ ತಂಡ ಒಟ್ಟಿಗೆ ಕಟ್ಟುತ್ತಿವೆ. ಅದಕ್ಕೆ ನನ್ನ ತಕರಾರಿಲ್ಲ, ಹುಡುಗರು ಆಡಲಿ. ಅದನ್ನೇ ನೆಪ ಮಾಡಿಕೊಂಡು ಆಟಗಾರರ ಸಂತೆ ತೆರೆಯೋದು ಮಾತ್ರ ಬೇಡ.